ಓವರ್‌ಟೈಂ ದಾನಶೂರರಿಗೊಂದು ಬಹಿರಂಗ ಪತ್ರ

ಡ್ಯೂಟಿ ಚಾರ್ಟ್ ಬರೆಯುವ ಮಾನ್ಯ ಸ್ಟೋರ್ ಮ್ಯಾನೇಜರ್ ಸಾಹೇಬರಿಗೆ ಸಾಷ್ಟಾಂಗ ನಮಸ್ಕಾರಗಳು.

ತಾವು ಯಾವ ಊರಿನ, ಯಾವ ಮಾಲಿನ, ಎಷ್ಟನೇ ಮಹಡಿಯ ಬಟ್ಟೆ ಅಂಗಡಿಯವರು ಎಂಬುದನ್ನು ಇಲ್ಲಿ ಬರೆಯುತ್ತಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ತಮ್ಮ ಕುರ್ಚಿಯಲ್ಲಿ ಕೂತವರು ಬಹಳ ಮಂದಿ ಇದ್ದಾರೆ. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಈ ಪತ್ರ ತಾನಾಗಿಯೇ ತಲುಪುತ್ತದೆ. ಅಂಗಡಿ ಎಂಬ ಸಾಮ್ರಾಜ್ಯದಲ್ಲಿ ಕನಿಷ್ಠ ವೇತನವನ್ನು ಸರ್ಕಾರ ಗೊತ್ತುಮಾಡುತ್ತದೆ, ಸಂಬಳವನ್ನು ಹೆಡ್ ಆಫೀಸು ಗೊತ್ತುಮಾಡುತ್ತದೆ, ಇನ್ಸೆಂಟಿವ್ ಗಿರಾಕಿಯ ಜೇಬನ್ನು ಅವಲಂಬಿಸಿದೆ. ತಮ್ಮ ಕೈಗೆ ಉಳಿದಿರುವುದು ಒಂದೇ: ಯಾರು ಎಷ್ಟು ಹೊತ್ತು ಹೆಚ್ಚಿಗೆ ದುಡಿಯಬೇಕು, ಯಾರು ಬ್ಯಾಗು ಹಿಡಿದು ಮನೆಗೆ ಹೋಗಬೇಕು ಎಂಬ ತೀರ್ಮಾನ. ಅಷ್ಟು ಚಿಕ್ಕ ಅಧಿಕಾರದಲ್ಲಿ ತಾವು ಅಷ್ಟು ದೊಡ್ಡ ದರ್ಬಾರು ನಡೆಸುತ್ತಿರುವುದಕ್ಕೆ ಮೊದಲು ಅಭಿನಂದನೆ ಸಲ್ಲಿಸಬೇಕು.

ತಮ್ಮ ಔದಾರ್ಯದ ಬೆಲೆ ಎಷ್ಟೆಂದು ಲೆಕ್ಕ ಹಾಕಬಹುದು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ಇಮ್ಮಡಿ ಕೂಲಿ ಕೊಡಬೇಕು ಎಂದು ಅದು ಹೇಳುತ್ತದೆ. ಸ್ಟಾಕ್ ಎಣಿಸುವ, ಲೆಕ್ಕಪತ್ರ ಮುಗಿಸುವ ದಿನಗಳನ್ನು ಬಿಟ್ಟರೆ ಓವರ್‌ಟೈಂ, ಅಂದರೆ ಓಟಿ, ಸೇರಿ ದಿನಕ್ಕೆ 10 ಗಂಟೆ ದಾಟುವಂತಿಲ್ಲ. ಸತತ ಮೂರು ತಿಂಗಳಲ್ಲಿ ಓಟಿಯ ಮೊತ್ತ 50 ಗಂಟೆ ಮೀರುವಂತಿಲ್ಲ. ಪೂರ್ತಿ ಡ್ಯೂಟಿಯ ನೌಕರನೊಬ್ಬ 13 ವಾರಕ್ಕೆ 624 ಗಂಟೆ ದುಡಿಯುತ್ತಾನೆ. ಐವತ್ತೂ ಗಂಟೆ ಅವನ ಪಾಲಿಗೆ ಬಂದರೆ 100 ಗಂಟೆಯ ಕೂಲಿ ಹೆಚ್ಚು ಸಿಗುತ್ತದೆ, ಅಂದರೆ ಎರಡು ವಾರದ ಸಂಬಳಕ್ಕಿಂತ ತುಸು ಜಾಸ್ತಿ. ಒಂದೇ ಸಂಬಳದ ಇಬ್ಬರು ಒಂದೇ ಕೌಂಟರಿನ ಹಿಂದೆ ನಿಂತಿದ್ದಾರೆ; ಒಬ್ಬನಿಗೆ ಐವತ್ತು, ಇನ್ನೊಬ್ಬನಿಗೆ ಸೊನ್ನೆ. ಕಾಯ್ದೆ ಮುರಿಯಿತೇ? ಇಲ್ಲ. ಒಬ್ಬೊಬ್ಬರಿಗೂ ಮೇಲ್ಮಿತಿ ಎಷ್ಟೆಂದು ಕಾಯ್ದೆ ನೋಡುತ್ತದೆ, ಗಂಟೆಗಳನ್ನು ಹೇಗೆ ಹಂಚಿದಿರಿ ಎಂದು ಕೇಳುವುದಿಲ್ಲ. ಆ ಕೇಳದ ಜಾಗದಲ್ಲೇ ತಮ್ಮ ಸಿಂಹಾಸನ ಇದೆ.

ಪಾರ್ಟ್‌ಟೈಂ ಹುಡುಗಿಯ ಲೆಕ್ಕ ಇನ್ನೂ ಸೊಗಸು. ದಿನಕ್ಕೆ 5 ಗಂಟೆ, ವಾರಕ್ಕೆ ಆರು ದಿನ ಎಂದು ಗೊತ್ತುಮಾಡಿ ಕರೆದುಕೊಂಡವಳು ಆಕೆ. ಸಂಜೆ ಜನ ನುಗ್ಗಿದಾಗ "ಇನ್ನು ಮೂರು ಗಂಟೆ ಇದ್ದುಬಿಡಮ್ಮಾ" ಎನ್ನುತ್ತೀರಿ. ಆಕೆಯ ಕಾಲೇಜಿನ ಓದು, ಊರಿನ ಕೊನೆಯ ಬಸ್ಸು, ಮನೆಯ ಅಡುಗೆ ಎಲ್ಲವೂ ಏರುಪೇರಾಗುತ್ತದೆ. ಕಾಯ್ದೆಯ ಕಣ್ಣಿಗೆ ಮಾತ್ರ ಅದು ಓಟಿಯೇ ಅಲ್ಲ; ಒಟ್ಟು ಎಂಟೇ ಗಂಟೆ ಆಯಿತಲ್ಲ, ಸಾದಾ ದರವೇ ಸಾಕು. ಇಮ್ಮಡಿ ದರದ ಮುಖ ನೋಡಬೇಕಾದರೆ ಆಕೆ ಮೊದಲು ನಾಲ್ಕು ಗಂಟೆ ಸಾದಾ ದರದಲ್ಲಿ ಈಜಿ ಬರಬೇಕು. ಹೀಗಾಗಿ ತಮ್ಮ ಬಳಿ ಎರಡು ಬಗೆಯ ಹೆಚ್ಚುವರಿ ಗಂಟೆಗಳಿವೆ. ಇಮ್ಮಡಿಯದು ತಮ್ಮವರಿಗೆ, ಸಾದಾ ದರದ್ದು ಫೋನು ಎತ್ತಿದವರಿಗೆ. ಜರ್ಮನಿಯ ಡಯಾಲಿಸಿಸ್ ಸಂಸ್ಥೆಯೊಂದರ ಅರೆಕಾಲಿಕ ಆರೈಕೆ ಸಿಬ್ಬಂದಿಯ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2024ರ ಜುಲೈನಲ್ಲಿ ಇದೇ ಗಂಟನ್ನು ಬಿಚ್ಚಿತು. ಪೂರ್ಣಾವಧಿಯ ಗಡಿ ದಾಟಿದ ಮೇಲಷ್ಟೇ ಹೆಚ್ಚುವರಿ ದರ ಎಂಬ ನಿಯಮಕ್ಕೆ ವಸ್ತುನಿಷ್ಠ ಸಮರ್ಥನೆ ಇಲ್ಲದಿದ್ದರೆ ಅದು ಅರೆಕಾಲಿಕರ ವಿರುದ್ಧದ ತಾರತಮ್ಯ ಎಂದಿತು. ಆ ತೀರ್ಪು ತಮ್ಮನ್ನು ಕಟ್ಟಿಹಾಕುವುದಿಲ್ಲ, ಗಾಬರಿ ಬೇಡ. ತರ್ಕಕ್ಕೆ ಮಾತ್ರ ವೀಸಾ ಬೇಕಿಲ್ಲ.

ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೇನು ಎನ್ನುತ್ತಾರೆ. ತಮ್ಮ ಅಂಗಡಿಯಲ್ಲಿ ಆ ಗಾದೆಗೆ ಎರಡನೆಯ ಅರ್ಧವೂ ಇದೆ: ಬಡಿಸುವವನು ನಮ್ಮವನಲ್ಲದಿದ್ದರೆ ಹೊಟ್ಟೆ ತುಂಬಿದ ಮೇಲೆ ಬಲವಂತವಾಗಿ ಹಾಕುತ್ತಾನೆ. ಓಟಿ ಬೇಕೆಂದವಳಿಗೆ ಇಲ್ಲ. ಮಗುವನ್ನು ಕರೆತರಬೇಕು, ಇವತ್ತು ಬೇಡ ಎಂದವಳಿಗೆ ಕಡ್ಡಾಯ. ಬೇಡ ಎಂದ ತಪ್ಪಿಗೆ ಮುಂದಿನ ತಿಂಗಳು ಪಟ್ಟಿಯಿಂದ ಹೆಸರು ಮಾಯ. ಹೀಗೆ ಕೊಡುವುದೂ ಬಿಡುವುದೂ ಒಬ್ಬರದೇ ಮರ್ಜಿ ಆದಾಗ ಓಟಿ ಎಂಬುದು ಕೂಲಿಯಾಗಿ ಉಳಿಯದೆ ಬಕ್ಷೀಸು ಆಗುತ್ತದೆ. ಬಕ್ಷೀಸು ಪಡೆಯುವವನು ವೀಕ್ ಆಫ್ ರದ್ದಾದರೂ ಮಾತಾಡುವುದಿಲ್ಲ, ಬದಲಿ ರಜೆಯ ಹೆಸರಿನಲ್ಲಿ ಹಣ ಮುಳುಗಿದರೂ ಮಾತಾಡುವುದಿಲ್ಲ. ತಮಗೆ ಸಿಗುವ ನಿಜವಾದ ಲಾಭ ಆ ಮೌನ ಎಂಬುದು ನನ್ನ ಗುಮಾನಿ.

ತಮ್ಮ ಉತ್ತರಗಳೂ ಗೊತ್ತಿವೆ. ದಸರಾ ನೂಕುನುಗ್ಗಲಿನಲ್ಲಿ ಹೊಸಬರನ್ನು ಬಿಲ್ಲಿಂಗ್‌ಗೆ ಕೂರಿಸಿದರೆ ಸಾಲು ಪಾರ್ಕಿಂಗ್‌ವರೆಗೆ ಬೆಳೆಯುತ್ತದೆ, ಅನುಭವ ಬೇಕು ಎನ್ನುತ್ತೀರಿ. ತೂಕವಿರುವ ಮಾತು ಇದೊಂದೇ, ಒಪ್ಪಿದೆ. ಹಾಗಾದರೆ ಬಿಲ್ಲಿಂಗ್ ಓಟಿಗೆ ಯಾರು ಅರ್ಹರು, ಅರ್ಹರಾಗಲು ಏನು ಕಲಿಯಬೇಕು ಎಂದು ಬರೆದಿಡಿ. ಆದರೆ ಬಾಗಿಲು ಹಾಕಿದ ಮೇಲೆ ಟ್ರಯಲ್ ರೂಮಿನ ರಾಶಿ ಮಡಚುವುದಕ್ಕೆ, ಟ್ಯಾಗು ಹಾಕುವುದಕ್ಕೆ, ಹ್ಯಾಂಗರ್ ಜೋಡಿಸುವುದಕ್ಕೆ ಯಾವ ಗುರುಕುಲದ ವಿದ್ಯೆ ಬೇಕು? ಪಾರ್ಟ್‌ಟೈಂನವರು ವಿದ್ಯಾರ್ಥಿಗಳು, ಅವರಿಗೆ ಹೆಚ್ಚು ಗಂಟೆ ಬೇಡ ಎಂಬುದು ಇನ್ನೊಂದು ಉತ್ತರ. ಕೇಳಿ ನೋಡಿದ್ದೀರಾ? ಬೇಡದವರು ಬೇಡ ಎಂದು ಬರೆಯಲಿ, ಬೇಕಾದವರು ಸಹಿ ಹಾಕಲಿ. ಎಲ್ಲರಿಗೂ ಸಮನಾಗಿ ಹಂಚಿದರೂ ಅನ್ಯಾಯವೇ ಎಂದು ತತ್ವಶಾಸ್ತ್ರ ತೆಗೆಯುವುದೂ ಉಂಟು. ಸಮಪಾಲು ಯಾರೂ ಕೇಳಿಲ್ಲ, ಸರದಿ ಏನೆಂದು ಗೊತ್ತಾಗಬೇಕು ಎಂದಷ್ಟೇ ಕೇಳುತ್ತಿರುವುದು. ಇನ್ನು ಜನ ದಿಢೀರನೆ ಬರುತ್ತಾರೆ ಎಂಬ ವಾದ. ವರಮಹಾಲಕ್ಷ್ಮಿ, ದೀಪಾವಳಿ ಯಾವತ್ತು ಬರುತ್ತವೆಂದು ಒಂಟಿಕೊಪ್ಪಲ್ ಪಂಚಾಂಗ ಯುಗಾದಿಗೇ ಹೇಳಿಬಿಟ್ಟಿರುತ್ತದೆ. ಆಷಾಢದ ಸೇಲನ್ನಂತೂ ತಾವೇ ಇಡುವುದು.

ಕ್ರಮವಾಗಿ ಹಂಚಿದರೆ ವ್ಯಾಪಾರ ಕೆಡುತ್ತದೆ ಎಂಬ ಭಯಕ್ಕೆ ಅಮೆರಿಕದಲ್ಲೊಂದು ಮದ್ದು ಸಿಕ್ಕಿದೆ. ಬಟ್ಟೆ ಮಾರುವ ಗ್ಯಾಪ್ ಕಂಪನಿಯ ಸ್ಯಾನ್ ಫ್ರಾನ್ಸಿಸ್ಕೊ, ಶಿಕಾಗೊ ಭಾಗದ 28 ಅಂಗಡಿಗಳಲ್ಲಿ ಜೋನ್ ವಿಲಿಯಮ್ಸ್, ಸೂಸನ್ ಲ್ಯಾಂಬರ್ಟ್, ಸರವಣನ್ ಕೇಶವನ್ ಮತ್ತಿತರ ಸಂಶೋಧಕರು ಪ್ರಯೋಗ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವು ಅಂಗಡಿಗಳಲ್ಲಿ ಶಿಫ್ಟಿನ ಹೊತ್ತು ಸ್ಥಿರಗೊಳಿಸಿದರು, ಕೆಲವು ಅರೆಕಾಲಿಕರಿಗೆ ವಾರಕ್ಕೆ 20 ಗಂಟೆಯ ಭರವಸೆ ಕೊಟ್ಟರು, ಉಳಿದ ಅಂಗಡಿಗಳಲ್ಲಿ ಈ ಬದಲಾವಣೆ ಮಾಡಲಿಲ್ಲ. ಬದಲಾವಣೆ ಕಂಡ ಅಂಗಡಿಗಳಲ್ಲಿ ಮಾರಾಟ 7%, ದುಡಿಮೆಯ ಉತ್ಪಾದಕತೆ 5% ಏರಿತು. ಸಿಯಾಟಲ್ ನಗರದಲ್ಲಿ 2017ರಿಂದ ದೊಡ್ಡ ಚಿಲ್ಲರೆ ಕಂಪನಿಗಳು ಡ್ಯೂಟಿ ಪಟ್ಟಿಯನ್ನು 14 ದಿನ ಮೊದಲೇ ಕೊಡಬೇಕು. ಹೊಸಬರನ್ನು ಸೇರಿಸುವ ಮುನ್ನ ಹೆಚ್ಚುವರಿ ಗಂಟೆ ಬೇಕೇ ಎಂದು ಇರುವವರನ್ನೇ ಕೇಳಬೇಕು. ಅಲ್ಲಿ ಅಂಗಡಿಗಳು ಇನ್ನೂ ತೆರೆದಿವೆ.

ಈಗ ಈ ಪತ್ರದ ಆತುರಕ್ಕೆ ಕಾರಣ. ರಾಜ್ಯದ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳ ಓಟಿ ಮಿತಿಯನ್ನು 50ರಿಂದ 144 ಗಂಟೆಗೆ, ಓಟಿ ಸೇರಿದ ದಿನದ ದುಡಿಮೆಯನ್ನು 10ರಿಂದ 12 ಗಂಟೆಗೆ ಏರಿಸುವ ಪ್ರಸ್ತಾವವನ್ನು ಸರ್ಕಾರ 2025ರ ಜೂನ್‌ನಲ್ಲಿ ಮುಂದಿಟ್ಟಿತು, ಕಾರ್ಮಿಕ ಸಂಘಟನೆಗಳು ವಿರೋಧಿಸಿದವು. ಗಂಟೆ ಜಾಸ್ತಿಯಾಯಿತೆಂದು ಎಲ್ಲರೂ ಬೈದರು. ಅಂಥ ಪ್ರಸ್ತಾವ ಜಾರಿಯಾದರೆ ತಮ್ಮ ಬಕ್ಷೀಸಿನ ಚೀಲವೂ ಸುಮಾರು ಮೂರು ಪಟ್ಟು ಉಬ್ಬುತ್ತದೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ. ತಾವು ಗಮನಿಸಿರುತ್ತೀರಿ.

ಆದ್ದರಿಂದ ಅರಿಕೆ ಇಷ್ಟು. ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿಗಳು ದಿನದ 24 ಗಂಟೆ ತೆರೆದಿರಬಹುದೆಂದು 2021ರ ಜನವರಿಯಲ್ಲಿ ಹೊರಟ ಆದೇಶದಲ್ಲಿ, ಆ ದಿನ ರಜೆಯಲ್ಲಿರುವವರ ವಿವರವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂಬ ಷರತ್ತಿತ್ತು. ರಜೆ ಹಾಕಿದವರ ಹೆಸರಿಗೆ ಗೋಡೆಯಲ್ಲಿ ಜಾಗ ಇದ್ದರೆ, ಪಕ್ಕದಲ್ಲೇ ಇನ್ನೊಂದು ಹಾಳೆಗೂ ಇದೆ: ಈ ಮೂರು ತಿಂಗಳಲ್ಲಿ ಯಾರಿಗೆ ಎಷ್ಟು ಓಟಿ, ಯಾವ ದರದಲ್ಲಿ, ಯಾರು ಕೇಳಿದ್ದರು, ಯಾರು ಬೇಡ ಎಂದಿದ್ದರು, ಮುಂದಿನ ಸರದಿ ಯಾರದು. ಖರ್ಚಿನ ಚಿಂತೆ ಬೇಡ. ಫ್ಲಾಟ್ 50% ಬೋರ್ಡು ಅಂಟಿಸಿ ಉಳಿದ ಟೇಪು ಧಾರಾಳವಾಗಿ ಸಾಕು.

ಇಂತಿ,
ಶನಿವಾರ ಸಂಜೆ ತಮ್ಮ ಬಿಲ್ಲಿಂಗ್ ಸಾಲಿನಲ್ಲಿ ನಿಲ್ಲುವ ಗಿರಾಕಿ