ಇಂಜೆಕ್ಟರ್ ಬದಲಿಸುವ ಮುನ್ನ: ಹೈದರಾಬಾದಿನ ಬೈಕ್ ಸವಾರರಿಗೊಂದು ಬಹಿರಂಗ ಪತ್ರ

ಕಾಚಿಗುಡದಿಂದ ಕುಕಟ್‌ಪಲ್ಲಿಯವರೆಗೆ ಹಳೆಯ ಬೈಕನ್ನೇ ನಂಬಿ ಕೆಲಸಕ್ಕೆ ಹೋಗುವ ಕನ್ನಡಿಗ ಬಂಧುಗಳೇ,

ಬೆಳಗ್ಗೆ ಬೇಗ ಸ್ಟಾರ್ಟ್ ಆಗುವುದಿಲ್ಲ, ಪಿಕಪ್ ಇಲ್ಲ, ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಗುತ್ತದೆ ಎಂದ ಕೂಡಲೇ ಗ್ಯಾರೇಜಿನಲ್ಲಿ ‘ಇಂಜೆಕ್ಟರ್ ಹೋಗಿದೆ, ಹೊಸದು ಹಾಕೋಣ’ ಎನ್ನುತ್ತಾರೆ. ದಯವಿಟ್ಟು ಆ ಮಾತಿಗೆ ತಕ್ಷಣ ಒಪ್ಪಬೇಡಿ. ಹೋಗಿರುವುದಕ್ಕೂ ಕಟ್ಟಿಕೊಂಡಿರುವುದಕ್ಕೂ ಬಹಳ ವ್ಯತ್ಯಾಸವಿದೆ.

2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದಾಗ ಇಂಜೆಕ್ಟರ್ ನಮ್ಮ ಮೆಕ್ಯಾನಿಕ್‌ಗಳಿಗೆ ಹೊಸ ವಿಷಯ. 2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೆಚ್ಚುಕಡಿಮೆ ಮರೆಯಾಯಿತು. ಇಂಜೆಕ್ಟರ್ ಎಂದರೆ ವಿದ್ಯುತ್ತಿನಿಂದ ತೆರೆದು ಮುಚ್ಚುವ ಸಣ್ಣ ಕವಾಟ. ಹಲವು ಬೈಕುಗಳಲ್ಲಿ ಸುಮಾರು 3 ಬಾರ್ ಒತ್ತಡದ ಪೆಟ್ರೋಲನ್ನು ಅದು ಕೆಲವೇ ಮಿಲಿಸೆಕೆಂಡ್ ತೆರೆದು ಮಂಜಿನಂತೆ ಸಿಂಪಡಿಸುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ತುದಿಯಲ್ಲಿ ಉಳಿದ ಪೆಟ್ರೋಲ್ ಎಂಜಿನ್ನಿನ ಕಾವಿಗೆ ಒಣಗಿ ಅಂಟಾಗುತ್ತದೆ. ಮೇ ತಿಂಗಳ ಬಿಸಿಲಲ್ಲಿ ಹತ್ತು ಕಡೆ ನಿಲ್ಲಿಸಿ ಹೊರಡುವ ನಗರದ ಓಡಾಟದಲ್ಲಿ ಈ ಅಂಟು ಬೇಗ ಬೆಳೆಯುತ್ತದೆ.

ಇನ್ನೊಂದು ಕಾರಣ ಟ್ಯಾಂಕಿನಲ್ಲಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿಯವರು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು. 2025ರ ಹೊತ್ತಿಗೆ ಅದು ಬಂಕುಗಳಲ್ಲಿ ಸಾಮಾನ್ಯವಾಯಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸುತ್ತದೆ. ವಾರಗಟ್ಟಲೆ ನಿಂತ ಬೈಕಿನಲ್ಲಿ ತುಕ್ಕೂ ಸೇರುತ್ತದೆ. ಟ್ಯಾಂಕ್ ತೊಳೆಯದೆ, ಫಿಲ್ಟರ್ ಬದಲಿಸದೆ ಹೊಸ ಇಂಜೆಕ್ಟರ್ ಹಾಕಿದರೆ ಅದೂ ಕಟ್ಟಿಕೊಳ್ಳುತ್ತದೆ.

ಆದ್ದರಿಂದ ಮೊದಲು ಬ್ಯಾಟರಿ, ಪ್ಲಗ್, ಏರ್ ಫಿಲ್ಟರ್, ಪಂಪಿನ ಒತ್ತಡ ನೋಡಿಸಿ. ಇಂಜೆಕ್ಟರ್ ಬಿಚ್ಚುವ ಮುನ್ನ ಲೈನಿನ ಒತ್ತಡ ಇಳಿಸಬೇಕು, ಹತ್ತಿರ ಬೆಂಕಿ ಇರಬಾರದು. ಸೂಜಿ, ತಂತಿ ಚುಚ್ಚಲು ಬಿಡಬೇಡಿ. ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಸಿಂಪಡಣೆ ಕೆಡುತ್ತದೆ. ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿ, ಅಳತೆ ಕೊಳವೆಯಲ್ಲಿ ಹರಿವನ್ನೂ ಸಿಂಪಡಣೆಯನ್ನೂ ಕಣ್ಣಾರೆ ನೋಡಿ, ಹೊಸ ಓ-ರಿಂಗ್ ಹಾಕಿಸಿ. ತೊಳೆದ ಮೇಲೂ ಸೋರಿದರೆ ಅಥವಾ ಕಾಯಿಲ್ ಸುಟ್ಟಿದ್ದರೆ ಮಾತ್ರ ಬದಲಿಸಿ.

ಮೆಕ್ಯಾನಿಕ್ ಅಣ್ಣಂದಿರೇ, ಬಿಚ್ಚಿದ ಇಂಜೆಕ್ಟರಿನ ಪರೀಕ್ಷೆಯನ್ನು ಗಿರಾಕಿಯ ಎದುರೇ ಮಾಡಿ. ನಿಮ್ಮ ಕೈಕೆಲಸದ ಮೇಲೆ ನಂಬಿಕೆ ಬೆಳೆಯುವುದು ಅಲ್ಲಿಂದಲೇ. ಪೆಟ್ರೋಲಿಯಂ ಸಚಿವಾಲಯಕ್ಕೂ ಒಂದು ವಿನಂತಿ: ಪ್ರತಿ ಬಂಕಿನ ಪಂಪಿನ ಮೇಲೂ ಎಥನಾಲ್ ಪ್ರಮಾಣ ತೆಲುಗು, ಕನ್ನಡ ಹೀಗೆ ಆಯಾ ನಾಡಿನ ನುಡಿಯಲ್ಲಿ ದೊಡ್ಡದಾಗಿ ಬರೆದಿರಲಿ, ಹಳೆಯ ವಾಹನಗಳಿಗೆ ಎಥನಾಲ್ ಕಡಿಮೆಯಿರುವ ಪೆಟ್ರೋಲ್ ಕೈಗೆಟಕುವ ಬೆಲೆಗೆ ಸಿಗಲಿ. ಸಂಬಳದಲ್ಲಿ ಕಂತು ಕಟ್ಟಿ ಕೊಂಡ ಬೈಕನ್ನು ಇನ್ನಷ್ಟು ವರ್ಷ ಓಡಿಸುವ ಹಕ್ಕು ಅದರ ಒಡೆಯನಿಗಿದೆ.

ಇಂತಿ ನಿಮ್ಮ ವಿಶ್ವಾಸಿ,
ಹೈದರಾಬಾದಿನ ಒಬ್ಬ ಸವಾರ