ಸ್ಟೇಟಸ್ ಭಾವ

ನಮ್ಮ ಭಾವನವರ ಭಕ್ತಿಯ ಬಗ್ಗೆ ಅನುಮಾನವೇ ಬೇಡ. ಮಂಗಳಾರತಿ ತಟ್ಟೆ ಬಂದರೆ ಎಡಗೈ ಚಾಚುತ್ತಾರೆ. ಬಲಗೈಯಲ್ಲಿ ಮೊಬೈಲ್ ಇರುತ್ತದಲ್ಲ! ಸಂಕಷ್ಟಿಯ ಉಪವಾಸವನ್ನು ಲೋಕದವರು ಚಂದ್ರನನ್ನು ನೋಡಿ ಬಿಡುತ್ತಾರೆ. ಭಾವ ಬಿಡುವುದು ಸ್ಟೇಟಸ್ಸನ್ನು ನೂರು ಜನ ನೋಡಿದ ಮೇಲೆ.

ಹೋದ ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟರು. ಹತ್ತಿರಹತ್ತಿರ 300 ಕಿಲೋಮೀಟರ್. ‘ನೀನೂ ಬಾರೋ, ವಿಡಿಯೋ ಹಿಡಿಯೋಕೆ ಒಬ್ಬರು ಬೇಕು’ ಎಂದು ನನಗೂ ಪುಣ್ಯದಲ್ಲಿ ಪಾಲು ಕೊಟ್ಟರು. ನೆಲಮಂಗಲ ದಾಟುವಷ್ಟರಲ್ಲಿ ಸೆಲ್ಫಿ ಕೋಲು ಹನ್ನೊಂದು ಸಲ ಮೇಲೆದ್ದಿತ್ತು. ಕೈಗಡಿಯಾರ ಹೆಜ್ಜೆ ಎಣಿಸುತ್ತಿತ್ತು. ಮರದಡಿ ಕೂತಾಗಲೂ ಲೆಕ್ಕ ನಿಲ್ಲಬಾರದೆಂದು ಕೈ ಬೀಸುತ್ತಲೇ ಇದ್ದರು. ಪಕ್ಕದಲ್ಲಿದ್ದವರು ನೊಣದ ಕಾಟ ಅಂದುಕೊಂಡು ಟವೆಲ್ ಕೊಟ್ಟರು.

ಹಾಸನ, ಬೇಲೂರು ದಾಟಿತು. ಮೂಡಿಗೆರೆ ಕಳೆದು ಕೊಟ್ಟಿಗೆಹಾರದ ಕಡೆ ನಡೆಯುವಾಗ ಪವರ್ ಬ್ಯಾಂಕು ಕೈಕೊಟ್ಟಿತು. ಬೊಬ್ಬೆ ಎದ್ದು ಕಾಲೂ ಕೈಕೊಟ್ಟಿತು. ಆ ದಾರಿಯುದ್ದಕ್ಕೂ ಜನ ಪೆಂಡಾಲ್ ಹಾಕಿ ಪಾನಕ, ಮಜ್ಜಿಗೆ, ಕಲ್ಲಂಗಡಿ ಹಂಚುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಅಂಥದೊಂದು ಪೆಂಡಾಲಿನಲ್ಲಿ ಅಜ್ಜಿಯೊಬ್ಬರು ಮಜ್ಜಿಗೆ ಕೊಟ್ಟು ಭಾವನನ್ನೇ ನೋಡುತ್ತ ನಿಂತರು. ಭಾವ ಮಿಕ್ಕ 2 ಪರ್ಸೆಂಟ್ ಚಾರ್ಜಿನಲ್ಲಿ ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು.

‘ಎಂತ ಮಾರಾಯ, ಆಗ್ಲಿಂದ ಮುಖ ನೋಡ್ಕಳ್ತಿದ್ದಿ? ಕಣ್ಣಿಗೆ ಕಸ ಬಿತ್ತಾ?’

ಮೊಬೈಲ್ ಆರಿತು. ಅಜ್ಜಿ ಹೇಳದೆ ಕೇಳದೆ ಅವರ ಕಾಲನ್ನು ಸ್ಟೂಲಿನ ಮೇಲೆತ್ತಿಟ್ಟು, ಅರಿಶಿನ ಬೆರೆಸಿದ ಕೊಬ್ಬರಿ ಎಣ್ಣೆ ಸವರತೊಡಗಿದರು, ಬೆರಳ ಸಂದಿಯನ್ನೂ ಬಿಡದೆ. ‘ಅಯ್ಯೋ, ಕಾಲು ಮುಟ್ಬೇಡಿ ಅಜ್ಜೀ’ ಎಂದು ಭಾವ ಏಳಹೋದರೆ, ‘ಸುಮ್ನೆ ಕೂತ್ಕ. ನಂಗೆ ಅಲ್ಲಿತಂಕ ನಡ್ಯಕ್ಕಾಗಲ್ಲ. ನಿನ್ನ ಕಾಲಲ್ಲೇ ನಾನೂ ಹೋಗದು’ ಎಂದರು.

ಭಾವನಿಗೆ ಮಾತು ಹೊರಡದ್ದನ್ನು ನಾನು ಕಂಡದ್ದು ಅದೇ ಮೊದಲು. ಚಾರ್ಮಾಡಿ ಘಾಟಿಯ ಅಷ್ಟೂ ತಿರುವುಗಳಲ್ಲಿ ಒಂದು ಫೋಟೋ ಇಲ್ಲ. ನೇತ್ರಾವತಿಯಲ್ಲಿ ಮುಳುಗೆದ್ದು, ಅಂಗಿ ಕಳಚಿ, ಮಂಜುನಾಥನ ಮುಂದೆ ನಿಂತಾಗ ಎರಡೂ ಕೈ ಜೋಡಿಸಿದ್ದರು.

ಗುಣವಾಯಿತು ಅಂದುಕೊಳ್ಳಬೇಡಿ. ವಾಪಸು ಬರುವ ಬಸ್ಸಿನಲ್ಲಿ ಯಾರದೋ ಚಾರ್ಜರ್ ಸಿಕ್ಕಿತು, ಉಜಿರೆ ದಾಟುವ ಮೊದಲೇ ಸ್ಟೇಟಸ್ ಬಿತ್ತು: ಅರಿಶಿನ ಹತ್ತಿದ ತಮ್ಮವೇ ಎರಡು ಪಾದಗಳು. ಮುಖ ಮಾತ್ರ ಇರಲಿಲ್ಲ.

ಸೆಲ್ಫಿ ಕೋಲು ಆ ಪೆಂಡಾಲಿನಲ್ಲೇ ಉಳಿದಿದೆ. ಈ ಸಲ ಆ ದಾರಿಯಲ್ಲಿ ನಡೆಯುವವರು ದಯವಿಟ್ಟು ಅದನ್ನು ತಂದುಕೊಡುವ ಉಪಕಾರ ಮಾಡಬೇಡಿ.