ಎರಡಕ್ಷರದ ದೊರೆಗೆ ಸುಳ್ಯದಿಂದ ಒಂದು ಕಾಗದ

ಶ್ರೀಮಾನ್ ‘ಯೆಸ್’ ಅವರ ಸನ್ನಿಧಾನಕ್ಕೆ,

ಸುಳ್ಯ ತಾಲೂಕಿನ ಒಬ್ಬ ಅಡಿಕೆ ಕೃಷಿಕನ ನಮಸ್ಕಾರಗಳು. ಈ ತನಕ ನಾವೆಲ್ಲ ಕ್ಷೇಮ. ಮಳೆ ಚೆನ್ನಾಗಿಯೇ ಹೊಡೆಯುತ್ತಾ ಉಂಟು. ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಬಿಟ್ಟಾಯಿತು. ಹಳದಿ ರೋಗ ಪಕ್ಕದ ತೋಟದ ತನಕ ಬಂದು ನಿಂತಿದೆ. ಅದಕ್ಕೆ ಒಳಗೆ ಬರಲು ಯಾರ ಮಂಜೂರಾತಿಯೂ ಬೇಡ.

ತಾವು ನನ್ನನ್ನು ಬಲ್ಲಿರೋ ಇಲ್ಲವೋ, ನಾನು ತಮ್ಮನ್ನು ಬಲ್ಲೆ. ನನ್ನ ಆದಾಯ ತೆರಿಗೆಯ ಫೈಲಿನಲ್ಲಿ, ‘ನೋಟಿಸು ಕೊಡಲು ಇದು ಯೋಗ್ಯ ಪ್ರಕರಣ ಎಂದು ಮನವರಿಕೆಯಾಗಿದೆಯೇ?’ ಎಂಬ ಪ್ರಶ್ನೆಯ ಎದುರಿನ ಖಾನೆಯಲ್ಲಿ ತಾವು ಕೂತಿದ್ದೀರಿ. ಒಬ್ಬರೇ. ಹಿಂದೆ ಮುಂದೆ ಯಾರೂ ಇಲ್ಲ. ಕೆಳಗೊಂದು ಸಹಿ, ಅದೂ ಅವಸರದ್ದು.

ನಡೆದದ್ದು ಇಷ್ಟು. ಒಂದು ಮಾರ್ಚಿನ ಕೊನೆಯ ವಾರ, ಅಂಗಳದಲ್ಲಿ ಅಡಿಕೆ ಒಣಗುತ್ತಿದ್ದ ಹೊತ್ತಿಗೆ, ಮಗನ ಮೊಬೈಲಿಗೆ ಆದಾಯ ತೆರಿಗೆ ಇಲಾಖೆಯ ಮಿಂಚಂಚೆ ಬಂತು. ನನ್ನ ಹಳೆಯ ಲೆಕ್ಕವನ್ನು ಯಾಕೆ ಮತ್ತೆ ತೆರೆಯಬಾರದು ಎಂದು ಕೇಳಿದ್ದರು. ಆ ಲೆಕ್ಕದ ವರ್ಷ ಉಳಿತಾಯ ಖಾತೆಗೆ ಹತ್ತು ಲಕ್ಷಕ್ಕಿಂತ ಹೆಚ್ಚು ನಗದು ಬಿದ್ದಿದೆಯಂತೆ, ಮೂಲ ತಿಳಿಯದಂತೆ. ಉತ್ತರಕ್ಕೆ ಏಳು ದಿನ. ಆಗಿನ ಕಾನೂನಿನಲ್ಲಿ ಏಳರಿಂದ ಮೂವತ್ತು ದಿನದ ತನಕ ಕೊಡಬಹುದಿತ್ತು. ನನಗೆ ಏಳೇ ಸಿಕ್ಕಿತು.

ಮೂಲ ಎಲ್ಲಿ ಅಂತ ಕೇಳಿದರೆ ನಮ್ಮ ಅಟ್ಟದಲ್ಲಿ. ಅಡಿಕೆಯನ್ನು ಬೆಳೆದ ವರ್ಷವೇ ಮಾರಬೇಕೆಂದು ನಮ್ಮಲ್ಲಿ ಯಾರೂ ನಿಯಮ ಮಾಡಿಲ್ಲ. ಒಣಗಿಸಿ ಗೋಣಿಗೆ ತುಂಬಿಸಿ ಅಟ್ಟಕ್ಕೇರಿಸಿದರೆ ಹೊಸ ಅಡಿಕೆ ಕಾಲ ಕಳೆದಂತೆ ಸಿಂಗಲ್ ಚೋಲ್ ಆಗುತ್ತದೆ, ಇನ್ನೂ ಕಾದರೆ ಡಬಲ್ ಚೋಲ್. ದರವೂ ಅದರ ಜತೆ ಮೆಟ್ಟಿಲು ಹತ್ತುತ್ತದೆ, ನಮ್ಮ ಅದೃಷ್ಟ ಸರಿಯಿದ್ದರೆ. ಅಟ್ಟವೇ ನಮ್ಮ ಎಫ್‌ಡಿ. ಮೂರು ವರ್ಷದ ಫಸಲನ್ನು ಮಗಳ ಮದುವೆಯ ವರ್ಷ ಕಂತು ಕಂತಾಗಿ ಇಳಿಸಿ ಮಾರಿದೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಮಾರುಕಟ್ಟೆಗೆ ತಕ್ಕಂತೆ ಒಣಗಿಸಿ ಸುಲಿದರೂ ಅದು ಕೃಷಿಯೇ. ಇಷ್ಟನ್ನು ಹೇಳಲಿಕ್ಕೆ ನಾನು ಕೊಟ್ಟ ಕಾಗದ ಇನ್ನೂರು ಪುಟ: ಪಹಣಿ, ಮಂಡಿಯ ಚೀಟಿಗಳು, ಪಾಸ್‌ಬುಕ್, ಕೊನೆಗೆ ಮದುವೆಯ ಕರೆಯೋಲೆ ಕೂಡ. ಅದಕ್ಕೆ ಮೇಲಿನಿಂದ ಬಂದ ಉತ್ತರ ತಾವು.

ಇಲ್ಲಿ ಒಂದು ಹೋಲಿಕೆ ಮಾಡುತ್ತೇನೆ, ಸಿಟ್ಟಾಗಬೇಡಿ. ನಮ್ಮ ಮಂಡಿಯಲ್ಲಿ ಅಡಿಕೆ ತೆಗೆದುಕೊಳ್ಳುವವ ಎಸ್ಸೆಸೆಲ್ಸಿಯೂ ಪಾಸಾಗಿಲ್ಲ. ನಾನು ಗೋಣಿ ಇಳಿಸಿ ‘ಎಲ್ಲ ಒಳ್ಳೆ ಮಾಲು’ ಅಂದರೆ ಅವ ತಲೆಯಾಡಿಸುವುದಿಲ್ಲ. ಗೋಣಿಯ ಬಾಯಿಂದ ಒಂದು ಹಿಡಿ, ಮೊಣಕೈ ತನಕ ಕೈ ಇಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾನೆ. ನಾಲ್ಕನ್ನು ಕತ್ತರಿಸಿ ಒಳಗಿನ ಬಿಳಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಕೀಳು ದರ್ಜೆಯ ಪಟೋರ ಬೇರೆ, ಕರಿಗೋಟು ಬೇರೆ, ಉಳ್ಳಿಗಡ್ಡೆ ಬೇರೆ. ಒಂದನ್ನು ಮೂಸಿ ನೋಡಿ ‘ಇದು ಅಟ್ಟದಲ್ಲಿ ನೆಂದಿದೆಯಲ್ಲ ಅಣ್ಣ’ ಅನ್ನುತ್ತಾನೆ. ಆಮೇಲೆಯೇ ದರ. ಐವತ್ತು ಕಿಲೋ ಅಡಿಕೆಗೆ ಇಷ್ಟು ಪರೀಕ್ಷೆ. ಒಬ್ಬ ಮನುಷ್ಯನ ಮೂರು ವರ್ಷಕ್ಕೆ ತಾವು ಗೋಣಿಯ ಬಾಯಿಯ ಹಗ್ಗವನ್ನೂ ಬಿಚ್ಚಲಿಲ್ಲ, ಮಾರಾಯ್ರೆ.

ನಾಗಬನದ ಮರ ಒಂದನ್ನು ಮುಟ್ಟಬೇಕಾದರೂ ನಾವು ಪ್ರಶ್ನೆ ಇಡುತ್ತೇವೆ. ಜೋಯಿಸರು ಕವಡೆ ಹರಡಿ ಮಧ್ಯಾಹ್ನದ ತನಕ ಕೂರುತ್ತಾರೆ, ಎದುರು ಕೂತವರನ್ನು ನಾಲ್ಕು ಮಾತು ಕೇಳುತ್ತಾರೆ. ಅವರ ಬಾಯಿಂದಲೂ ಬರೀ ‘ಹೌದು’ ಬಂದದ್ದನ್ನು ನಾನು ಕಂಡಿಲ್ಲ.

ತಮ್ಮ ವಂಶಾವಳಿಯನ್ನೂ ಓದಿಕೊಂಡೆ. ತಮ್ಮ ಹೆಸರು ಸುಪ್ರೀಂ ಕೋರ್ಟಿನ ಪುಸ್ತಕಕ್ಕೆ ಹತ್ತಿದ್ದು 1971ರಲ್ಲಿ, ಛುಗಮಲ್ ರಾಜಪಾಲ್ ಪ್ರಕರಣದಲ್ಲಿ. ಅಲ್ಲಿ ಕೆಳಗಿನ ಅಧಿಕಾರಿ ಬರೆದದ್ದು, ಸಾಲ ಕೊಟ್ಟವರು ಬರೀ ಹೆಸರಿಗೆ ಇರುವವರು ಅಂತ ಅನುಮಾನ, ಆದ್ದರಿಂದ ಸರಿಯಾದ ತನಿಖೆ ಆಗಬೇಕು ಎಂದು. ಅಂದರೆ ಆದಾಯ ತಪ್ಪಿಸಿಕೊಂಡಿದೆ ಎಂದು ಅವರೇ ನಂಬಿರಲಿಲ್ಲ. ಅಚ್ಚಾದ ನಮೂನೆಯ ಎಂಟನೇ ಕಾಲಮ್ಮಿನಲ್ಲಿ ಆಯುಕ್ತರು ತಮ್ಮನ್ನು ಬರೆದು ಸಹಿ ಹಾಕಿದರು. ವರದಿಯನ್ನು ಓದಿದ್ದರೆ ಆ ಸಹಿ ಬೀಳುತ್ತಲೇ ಇರಲಿಲ್ಲ ಎಂಬರ್ಥದಲ್ಲಿ ನ್ಯಾಯಾಲಯ ಹೇಳಿ, ನೋಟಿಸನ್ನೇ ಕಿತ್ತು ಹಾಕಿತು. ಮುಗಿದ ಲೆಕ್ಕವನ್ನು ಮನಸ್ಸು ಬಂದಾಗೆಲ್ಲ ತೆರೆಯಬಾರದೆಂದು, ಕೆಳಗಿನವನ ಉತ್ಸಾಹಕ್ಕೆ ಮೇಲಿನವನ ಕಣ್ಣು ಇರಲಿ ಎಂದು ಕಾಯ್ದೆಯಲ್ಲಿ 151ನೇ ಸೆಕ್ಷನ್ ಇಟ್ಟದ್ದು. ಆ ಕಣ್ಣಿನ ಜಾಗದಲ್ಲಿ ಕನ್ನಡಕ ಮಾತ್ರ ಇಟ್ಟು ಹೋದದ್ದು ತಾವು.

ಅಷ್ಟಾದ ಮೇಲೆ ತಾವು ನಿವೃತ್ತರಾಗುತ್ತೀರಿ ಅಂತ ಎಣಿಸಿದ್ದೆ. ಎಲ್ಲಿ! ಮಧ್ಯಪ್ರದೇಶದಲ್ಲಿ ತಾವು ತುಸು ಮೈತುಂಬಿಕೊಂಡು ‘ಯೆಸ್, ಐ ಆ್ಯಮ್ ಸ್ಯಾಟಿಸ್ಫೈಡ್’ ಎಂದಿರಿ. ಅಲ್ಲಿನ ಹೈಕೋರ್ಟು ಇದು ಯಾಂತ್ರಿಕ ಎಂದಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋದರೆ 2015ರಲ್ಲಿ ಅಲ್ಲೂ ವಜಾ. ದಿಲ್ಲಿಯ ಪ್ರಕರಣವೊಂದರಲ್ಲಂತೂ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಅಂತ ಇದ್ದದ್ದು ತಾವು ಮತ್ತು ಒಂದು ಮೊಹರು. 2011ರಲ್ಲಿ ಅಲ್ಲಿನ ಹೈಕೋರ್ಟು ರಬ್ಬರ್ ಸ್ಟ್ಯಾಂಪ್ ಒತ್ತುವುದನ್ನು ಮಂಜೂರಾತಿ ಎನ್ನಲಾಗದು ಎಂದಿತು. 2024ರಲ್ಲೂ ಅದೇ ಹೈಕೋರ್ಟಿನಲ್ಲಿ ತಾವು ಮತ್ತೊಮ್ಮೆ ಸಿಕ್ಕಿಬಿದ್ದಿರಿ.

ರಬ್ಬರಿನ ಸುದ್ದಿ ಬಂದದ್ದರಿಂದ ಒಂದು ಮಾತು. ಅದು ನಮ್ಮೂರಿನ ಮಾಲು. 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಿಂದಾಗಿ ಲಂಕೆಯಿಂದ ಬಂದ ತಮಿಳರು ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಾ ಬಂದಿದ್ದಾರೆ. ಬೆಳಕು ಹರಿಯುವ ಮುಂಚೆ ತಲೆಗೆ ದೀಪ ಕಟ್ಟಿಕೊಂಡು ಹೋಗುತ್ತಾರೆ. ಕತ್ತಿ ಒಂದು ನೂಲು ಆಳಕ್ಕೆ ಹೋದರೆ ಮರಕ್ಕೆ ಗಾಯ, ಮೇಲೆ ನಿಂತರೆ ಹಾಲಿಲ್ಲ. ಅಷ್ಟು ಎಚ್ಚರದಿಂದ ಇಳಿದ ಹಾಲು ಗೆರಟೆಗೆ ತೊಟ್ಟಿಕ್ಕಿ, ಹೆಪ್ಪಾಗಿ, ಹೊಗೆಗೂಡಿನಲ್ಲಿ ಒಣಗಿ, ಕಡೆಗೆ ಯಾರದೋ ಮೇಜಿನ ಮೇಲೆ ‘ಯೆಸ್’ ಆಗುವುದನ್ನು ನೆನೆದರೆ ಬೆಳಗ್ಗಿನ ಜಾವ ಎದ್ದವರ ಬಗ್ಗೆ ಬೇಜಾರಾಗುತ್ತದೆ.

ತಮ್ಮ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಮೇಲಧಿಕಾರಿ ಒಪ್ಪುವಾಗ ಪ್ರಬಂಧ ಬರೆಯಬೇಕಾಗಿಲ್ಲ, ಫೈಲು ಓದಿ ತಲೆ ಓಡಿಸಿದ್ದು ಕಂಡರೆ ಸಾಕು ಎಂದ ತೀರ್ಪುಗಳೂ ಉಂಟು. ಅದು ಸರಿಯೇ. ನಾನೂ ಪ್ರಬಂಧ ಕೇಳುತ್ತಿಲ್ಲ. ‘ಮಂಡಿಯ ಚೀಟಿ ನೋಡಿದೆ, ಆದರೂ ನಂಬಿಕೆ ಬರಲಿಲ್ಲ, ಯಾಕೆಂದರೆ...’ ಎಂದು ಒಂದೂವರೆ ಸಾಲು ಇದ್ದಿದ್ದರೆ ನಾನು ಜಗಳಕ್ಕಾದರೂ ನಿಲ್ಲುತ್ತಿದ್ದೆ. ತಮ್ಮ ಹತ್ತಿರ ಜಗಳವಾಡಲಿಕ್ಕೆ ಹಿಡಿಯುವುದು ಎಲ್ಲಿ?

ಇನ್ನು ತಮ್ಮನ್ನು ಬರೆಯುವ ಕೈ ಯಾವುದಿರಬೇಕೆಂಬುದು ಬೇರೆ ರಾಮಾಯಣ. 2021ರ ತಿದ್ದುಪಡಿಯಲ್ಲಿ ಹಳೆಯ ಲೆಕ್ಕ ಮೂರು ವರ್ಷದೊಳಗಿನದಾದರೆ ಪ್ರಧಾನ ಆಯುಕ್ತರು, ದಾಟಿದರೆ ಪ್ರಧಾನ ಮುಖ್ಯ ಆಯುಕ್ತರು ಎಂದಾಯಿತು. ‘ಮುಖ್ಯ’ ಎಂಬ ಒಂದು ಶಬ್ದ ತಪ್ಪಿದ್ದಕ್ಕೆ 2023ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ದೊಡ್ಡ ಕಂಪನಿಯೊಂದರ ನೋಟಿಸು ಬಿದ್ದುಹೋಯಿತು. 2024ರ ಸೆಪ್ಟೆಂಬರ್ 1ರಿಂದ ಅಪರ ಆಯುಕ್ತರು, ಜಂಟಿ ಆಯುಕ್ತರು ಸಾಕಂತೆ. ಅಟ್ಟದಿಂದ ಜಗಲಿಗೆ ಇಳಿಸಿದ್ದಾರೆ. ಹತ್ತಿರ ಬಂದ ಹಾಗಾಯಿತು, ಇನ್ನಾದರೂ ಓದುತ್ತಾರೋ ಏನೋ.

ನನ್ನ ಪ್ರಕರಣದ ಕಥೆ ಚಿಕ್ಕದು. ಲೆಕ್ಕ ಮತ್ತೆ ತೆರೆದು ಕಾಗದ ಎಲ್ಲ ನೋಡಿದ ಮೇಲೆ ಇಲಾಖೆಯವರು ಒಂದು ರೂಪಾಯಿಯೂ ಸೇರಿಸಲಿಲ್ಲ, ನಾನು ಹೇಳಿದ ಲೆಕ್ಕವನ್ನೇ ಒಪ್ಪಿ ಮುಗಿಸಿದರು. ಸರಕಾರಕ್ಕೆ ಬಂದದ್ದು ಸೊನ್ನೆ. ನನಗೆ ಹೋದದ್ದು ಪುತ್ತೂರಿಗೆ ಏಳು ಸಲದ ಬಸ್ಸು, ಲೆಕ್ಕ ಬರೆಯುವವರ ಫೀಸು, ಎರಡು ಕೊಯ್ಲಿನ ಹೊತ್ತು.

ಒಂದು ಅರಿಕೆ ಉಂಟು. ತಾವು ಅಷ್ಟು ಸಮರ್ಥರೆಂದಾದರೆ ನಮಗೂ ತಮ್ಮನ್ನು ಬಳಸಲು ಅನುಮತಿ ಕೊಡಿಸಬೇಕು. ಇನ್ನು ಮುಂದೆ ‘ಈ ಹಣದ ಮೂಲ ವಿವರಿಸಿ’ ಎಂಬ ಖಾನೆಯ ಎದುರು ನಾನೂ ‘ಯೆಸ್’ ಎಂದು ಬರೆದು ಸಹಿ ಹಾಕುತ್ತೇನೆ. ಇನ್ನೂರು ಪುಟದ ಝೆರಾಕ್ಸ್ ಉಳಿಯುತ್ತದೆ.

ಇಂತು, ತಮ್ಮ ಫೈಲಿನ,
ಅಡಿಕೆ ಕೃಷಿಕ

ಮರೆತ ಮಾತು: ಇದನ್ನು ಬರೆಯುತ್ತಿರುವಾಗ ನಮ್ಮ ಮನೆಯವಳು ಅಡುಗೆಕೋಣೆಯಿಂದ ಏನೋ ಕೇಳಿದಳು. ತಲೆಯೆತ್ತದೆ ‘ಹ್ಞೂಂ’ ಅಂದೆ. ಪೆನ್ನು ಮುಚ್ಚಿ ಹೊರಗೆ ಬಂದು ನೋಡುವಾಗ ಅಟ್ಟದ ಡಬಲ್ ಚೋಲ್ ಆರು ಗೋಣಿ ಮಂಡಿಯವನ ಪಿಕಪ್ಪಿನಲ್ಲಿ ಕೂತಾಗಿತ್ತು. ದುಡ್ಡನ್ನು ಎಣಿಸಿ ಮೇಜಿನ ಮೇಲೆ ಇಟ್ಟಿದ್ದಾನೆ. ನಾಳೆ ಬ್ಯಾಂಕಿಗೆ ಹೋಗಬೇಕು.